ಅಪರ್ಣಾ ಅಂದ್ರೆ ಬರೀ ಮೆಟ್ರೋ ದನಿಯಾ?

2024ರ ಜುಲೈ 11ರಂದು ಅಪರ್ಣಾ ತೀರಿಕೊಂಡಾಗ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡಿದ್ದು ಒಂದೇ ಮಾತು: ‘ನಮ್ಮ ಮೆಟ್ರೋ ದನಿ ಹೋಯ್ತು.’ ಪ್ರೀತಿಯಿಂದಲೇ ಹೇಳಿದ್ದು, ನಿಜ. ಆದ್ರೆ ಹತ್ತಿರ ಹತ್ತಿರ ನಲವತ್ತು ವರ್ಷದ ಕೆಲಸವನ್ನ ಒಂದು ಅನೌನ್ಸ್‌ಮೆಂಟಿಗೆ ಇಳಿಸಿಬಿಡೋದು ಸರಿ ಅನ್ಸಲಿಲ್ಲ.

ಹುಟ್ಟಿದ್ದು ನಮ್ಮ ಹಾಸನ ಜಿಲ್ಲೆಯ ಪಕ್ಕದ ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ. ಮೊದಲ ಸಿನಿಮಾ ‘ಮಸಣದ ಹೂವು’, ಅದೇ ಪುಟ್ಟಣ್ಣ ಕಣಗಾಲರ ಕೊನೆಯ ಸಿನಿಮಾ ಕೂಡ. ಅಂಥ ಆರಂಭ ಸಿಕ್ಕ ನಟಿಯನ್ನ ಚಿತ್ರರಂಗ ಸರಿಯಾಗಿ ಬಳಸಿಕೊಳ್ಳಲಿಲ್ಲ. ಬಳಸಿಕೊಂಡಿದ್ದು ದೂರದರ್ಶನ, ಆಕಾಶವಾಣಿ, ಆಮೇಲೆ ಸರ್ಕಾರಿ ಸಮಾರಂಭಗಳ ವೇದಿಕೆ. 1998ರ ದೀಪಾವಳಿಗೆ ಸತತ ಎಂಟು ಗಂಟೆ ನಿರೂಪಣೆ ಮಾಡಿದರು. ‘ಮೂಡಲ ಮನೆ’, ‘ಮುಕ್ತ’ ಧಾರಾವಾಹಿಗಳಲ್ಲಿ ನಟಿಸಿದರು. 2011ರಲ್ಲಿ ಮೆಟ್ರೋ ಬಂತು, 2013ರಲ್ಲಿ ಬಿಗ್ ಬಾಸ್ ಕನ್ನಡದ ಮೊದಲ ಸೀಸನ್.

ಈಗ ನನ್ನ ತಕರಾರು. ಆ ಕಾಲದ ದೂರದರ್ಶನವನ್ನ ಹೊತ್ತು ತರ್ತಿದ್ದ ಇನ್ಸಾಟ್ ಉಪಗ್ರಹಗಳನ್ನ ನಿಯಂತ್ರಿಸ್ತಿದ್ದದ್ದು ಹಾಸನದ ಎಂಸಿಎಫ್. ಸಿಗ್ನಲ್ಲಿಗೆ ಹಾಸನ ಬೇಕು. ಆದ್ರೆ ತೆರೆ ಮೇಲಿನ ಕನ್ನಡದಲ್ಲಿ ಹಾಸನ ಇರಲೇ ಇಲ್ಲ. ನಮ್ಮ ಹಳ್ಳಿಗಳಲ್ಲಿ ಹಾಸನ ‘ಆಸ್ನ’, ಹೊಳೆನರಸೀಪುರ ‘ವಳೆನರ್ಸೀಪುರ’. ಇಂಜಿನಿಯರಿಂಗ್ ಸೇರಿದ ಮೊದಲ ವಾರ ನಾನು ‘ಅಣ್ಣು’ ಅಂದಿದ್ದಕ್ಕೆ ಇಡೀ ಕ್ಲಾಸು ನಕ್ಕಿತ್ತು. ಅಪರ್ಣಾ ಅವರ ಬಾಯಲ್ಲಿ ಒಂದೇ ಒಂದು ಹಕಾರ ಜಾರ್ತಿರಲಿಲ್ಲ. ಟಿವಿಯಲ್ಲಿ ಅದನ್ನೇ ಕೇಳಿ ಕೇಳಿ, ಅದೊಂದೇ ಕನ್ನಡ, ನಮ್ಮದು ಕೊಳೆ ಅಂತ ನಾವೇ ನಂಬಿಬಿಟ್ವಿ. ಅದು ಅವರ ತಪ್ಪಲ್ಲ. ‘ಆಸ್ನ’ದ ಮಾತನ್ನ ಕೆಲಸದವರ ಪಾತ್ರಕ್ಕೆ, ನಗಿಸೋಕೆ ಅಂತ ಮಾತ್ರ ಎತ್ತಿಟ್ಟಿದ್ದು ಟಿವಿ. ಇನ್ನೊಂದು ಮಾತು: ವೇದಿಕೆ ಮೇಲೆ ಆ ದನಿ ಎಲ್ಲವನ್ನೂ ಒಂದೇ ಹದದಲ್ಲಿ ಹೊಗಳ್ತಿತ್ತು. ದೊಡ್ಡ ಕಲಾವಿದರಿಗೂ ಅದೇ ಮಾಧುರ್ಯ, ರಿಬ್ಬನ್ ಕತ್ತರಿಸೋ ಮಂತ್ರಿಗೂ ಅದೇ ಮಾಧುರ್ಯ. ನಿರೂಪಕಿಗೆ ತನ್ನ ಅಭಿಪ್ರಾಯ ಹೇಳೋ ಸ್ವಾತಂತ್ರ್ಯ ಇರಲ್ಲ. ಅಷ್ಟು ವರ್ಷ ಅಲ್ಲಿ ನಟಿಗೆ ಕೆಲಸವೇ ಇರಲಿಲ್ಲ.

ಅದಕ್ಕೇ ‘ಮಜಾ ಟಾಕೀಸ್’ನ ವರಲಕ್ಷ್ಮಿ ನನಗೆ ಅಷ್ಟು ಮುಖ್ಯ. 2015ರಲ್ಲಿ ಐವತ್ತರ ಹತ್ತಿರ ಇದ್ದ ಅಪರ್ಣಾ ತಮ್ಮ ಗಾಂಭೀರ್ಯವನ್ನ ತಾವೇ ಒಡೆದು ಹಾಕಿದರು. ವರಲಕ್ಷ್ಮಿ ಕೊಚ್ಚಿಕೊಳ್ತಾಳೆ, ಕಿರುಚ್ತಾಳೆ, ತಾನೇ ಎಲ್ಲರಿಗಿಂತ ಮೇಲು ಅಂತ ಮೆರೀತಾಳೆ. ಮೇಲ್ನೋಟಕ್ಕೆ ಇದು ಬರೀ ಓವರ್ ಆಕ್ಟಿಂಗ್. ಸರಿಯಾಗಿ ಕೇಳಿ: ಸಮಾರಂಭಗಳಲ್ಲಿ ಗಣ್ಯರಿಗೆ ಹಂಚ್ತಿದ್ದ ಹೊಗಳಿಕೆಯನ್ನೇ ಇಲ್ಲಿ ಆಕೆ ತನಗೆ ತಾನೇ ಮಾಡಿಕೊಳ್ತಾಳೆ. ಎಲ್ಲಿ ನಿಲ್ಲಿಸ್ಬೇಕು, ಎಲ್ಲಿ ಎಳೀಬೇಕು ಅನ್ನೋ ಲೆಕ್ಕ ಮಾತ್ರ ಹಳೇದೇ. ಬರೀ ಜೋರಾಗಿ ಕಿರುಚಿದ್ರೆ ಹತ್ತು ನಿಮಿಷಕ್ಕೆ ಸಾಕಾಗುತ್ತೆ. ಆ ಲೆಕ್ಕ ಇದ್ದಿದ್ದಕ್ಕೇ ವರಲಕ್ಷ್ಮಿ ವಾರವಾರವೂ ನಡೆದಳು. ‘ಶುದ್ಧ’ ದನಿಯೂ ನಗೆಪಾಟಲಾಗಬಹುದು ಅಂತ ಆ ದನಿಯೇ ತೋರಿಸಿಕೊಟ್ಟಾಗ, ಅಣ್ಣು ಅನ್ನೋ ನನಗೆ ಭಾಳ ಹಗುರ ಅನ್ಸಿತು.

ಈಗ ಎಲ್ಲರೂ ‘ಅಂಥ ಅಚ್ಚಕನ್ನಡ ಇನ್ನಿಲ್ಲ’ ಅಂತಾರೆ. ಉಚ್ಚಾರಣೆ ಕಲಿಸಬಹುದು ಸ್ವಾಮಿ, ಅದೇನು ಕಷ್ಟ ಅಲ್ಲ. ಮಧ್ಯವಯಸ್ಸು ದಾಟಿದ ನಟಿಗೆ ಅತ್ತೆ, ಅಮ್ಮ ಬಿಟ್ಟು ಬೇರೆ ಏನು ಬರೀತೀವಿ? ಚಾನೆಲ್‌ನವರು ಮೊದಲು ಅದಕ್ಕೆ ಉತ್ತರ ಹೇಳಲಿ. ಅಪರ್ಣಾಗೆ ಅಂಥ ಪಾತ್ರ ಸಿಗೋಕೆ ಮೂವತ್ತು ವರ್ಷ ಹಿಡೀತು. ಮುಂದಿನವರಿಗೆ ಅಷ್ಟು ದಿನ ಹಿಡಿಯೋದು ಬೇಡ.