ಕಡಿವಾಣ ಒಲ್ಲದ ಬಾಯಿ

ರೇಸಿನಿಂದ ನಿವೃತ್ತವಾದ ಥರೋಬ್ರೆಡ್ ಕುದುರೆ ಬೆಂಗಳೂರು ಸುತ್ತಮುತ್ತಲಿನ ಸವಾರಿ ಶಾಲೆಗೆ ಬಂದರೆ ಎಷ್ಟೋ ಸಲ ಮೊದಲು ಕೇಳಿಬರುವ ದೂರು ಕಾಲಿನದಲ್ಲ, ಬಾಯಿಯದು. ಕಡಿವಾಣ ಹಾಕಲು ಹೋದರೆ ತಲೆಯನ್ನು ಕೈಗೆಟುಕದಷ್ಟು ಮೇಲೆತ್ತುತ್ತದೆ. ಹಾಕಿದ ಮೇಲೆ ಬಾಯೊಳಗೆ ಅಡ್ಡಲಾಗಿ ಕೂರುವ ತುಂಡಾದ ಬಿಟ್ಟನ್ನು ಕಟಕಟ ಕಡಿಯುತ್ತದೆ, ನಾಲಿಗೆಯನ್ನು ಹಿಂದಕ್ಕೆಳೆದು ಬಿಟ್ಟಿನ ಮೇಲೆ ಹಾಕಿಕೊಳ್ಳುತ್ತದೆ, ದವಡೆಯನ್ನು ಅತ್ತಿತ್ತ ಹೊರಳಿಸುತ್ತದೆ. ಲಗಾಮು ತುಸು ಬಿಗಿದರಂತೂ ನಿಲ್ಲುವ ಬದಲು ಇನ್ನಷ್ಟು ಮುನ್ನುಗ್ಗುತ್ತದೆ. ಲಾಯದಲ್ಲಿ ಇದಕ್ಕೆ ಎರಡು ಮದ್ದು ಸದಾ ಸಿದ್ಧ. ಒಬ್ಬರು ಗಡುಸು ಬಿಟ್ ಹಾಕಿ ಹದಕ್ಕೆ ತನ್ನಿ ಎನ್ನುತ್ತಾರೆ. ಕನಿಕರವುಳ್ಳವರು ದಪ್ಪನೆಯ ಮೆತ್ತನೆಯ ಬಿಟ್ ಹಾಕಿ ಎನ್ನುತ್ತಾರೆ. ಎರಡನೆಯವರ ಮನಸ್ಸು ದೊಡ್ಡದು, ನಿಜ. ಆದರೆ ಆ ಕುದುರೆಯ ಬಾಯೊಳಗೆ ಜಾಗ ಎಷ್ಟಿದೆ ಎಂದು ಇಬ್ಬರೂ ನೋಡಿರುವುದಿಲ್ಲ.

ನೋಡಿದವರಿಗೆ ಅಚ್ಚರಿಯಾಗುತ್ತದೆ. ಅಷ್ಟುದ್ದದ ಮುಖ, ಒಳಗೆ ಮಾತ್ರ ಇಕ್ಕಟ್ಟೋ ಇಕ್ಕಟ್ಟು. ಮುಂದಿನ ಬಾಚಿಹಲ್ಲುಗಳಿಗೂ ಹಿಂದಿನ ದವಡೆಹಲ್ಲುಗಳಿಗೂ ನಡುವೆ ಬರಿಯ ಒಸಡಿನ ಒಂದು ಬಯಲಿದೆ. ಬಿಟ್ ಕೂರುವುದು ಅಲ್ಲಿ. ಆ ಒಸಡಿನ ಅಡಿಯಲ್ಲೇ ದವಡೆಮೂಳೆಯ ಚೂಪಾದ ಅಂಚು, ನಡುವೆ ಏನೂ ಮೆತ್ತೆಯಿಲ್ಲ. ಬಾಯಿ ಮುಚ್ಚಿದಾಗ ಉಳಿದ ಜಾಗವನ್ನೆಲ್ಲ ನಾಲಿಗೆಯೇ ತುಂಬಿಕೊಂಡಿರುತ್ತದೆ. ಕುದುರೆಗಳ ಚಲನೆಯನ್ನು ಅಧ್ಯಯನ ಮಾಡಿದ ಹಿಲರಿ ಕ್ಲೇಟನ್ 1980ರ ದಶಕದಲ್ಲಿ ಎಕ್ಸ್-ರೇ ಚಲನಚಿತ್ರ ತೆಗೆದು, ಲಗಾಮು ಎಳೆದಾಗ ಸ್ನಾಫಲ್ (ಎರಡು ತುದಿಯ ಬಳೆಗಳಿಗೇ ಲಗಾಮು ಕಟ್ಟುವ ಸರಳ ಬಿಟ್) ಬಾಯೊಳಗೆ ಏನು ಮಾಡುತ್ತದೆ ಎಂದು ತೋರಿಸಿದರು. ನಡುವೆ ಒಂದೇ ಕೀಲಿರುವ ಸ್ನಾಫಲ್ ಎಳೆದಾಗ ಮಡಚಿಕೊಂಡು ಅಂಗುಳಿಗೆ ತಿವಿಯುತ್ತದೆ ಎಂದು ಸವಾರರು ನಂಬಿದ್ದರು. ಚಿತ್ರದಲ್ಲಿ ಕಂಡದ್ದು ಬೇರೆ: ಬಿಟ್ ನಾಲಿಗೆಯೊಳಕ್ಕೆ ಒತ್ತಿಕೊಂಡು ಅಂಗುಳಿನಿಂದ ದೂರವೇ ಸರಿಯಿತು. ಹಾಗಾದರೆ ಭಾರ ಹೊರುವುದು ನಾಲಿಗೆ. ಬಾಯಿಯ ರಗಳೆ ಬಹುಮಟ್ಟಿಗೆ ನಾಲಿಗೆಯ ರಗಳೆ ಎಂದು ನಾನು ನಂಬುವುದು ಇದರಿಂದಲೇ.

ದಪ್ಪ ಬಿಟ್ಟಿನ ಕಷ್ಟವೂ ಇಲ್ಲೇ ತಿಳಿಯುತ್ತದೆ. ಲೋಹ ದಪ್ಪವಾದಷ್ಟೂ ಒತ್ತಡ ಹರಡಿ ನೋವು ಕಡಿಮೆಯಾಗುತ್ತದೆ ಎಂಬ ಲೆಕ್ಕ ಕೈಯಲ್ಲಿ ಹಿಡಿದು ನೋಡಿದಾಗ ಸರಿ. ಅಂಗುಳು ತಗ್ಗಾಗಿ ನಾಲಿಗೆ ಮಾಂಸಲವಾಗಿರುವ ಬಾಯಿಗೆ ಅದನ್ನು ತುರುಕಿದರೆ, ಬಾಯ್ತುಂಬ ಮುದ್ದೆ ಇಟ್ಟು ಎಂಜಲು ನುಂಗು ಎಂದ ಹಾಗೆ. ಫಿನ್ಲೆಂಡಿನಲ್ಲಿ ಈವೆಂಟಿಂಗ್ ಸ್ಪರ್ಧೆಯ ಕುದುರೆಗಳ ಬಾಯಿ ಪರೀಕ್ಷಿಸಿದಾಗ, 14ರಿಂದ 17 ಮಿಲಿಮೀಟರ್ ದಪ್ಪದ ಬಿಟ್ ತೊಟ್ಟವಕ್ಕಿಂತ ಅದಕ್ಕಿಂತ ತೆಳುವಾದದ್ದನ್ನು ತೊಟ್ಟವಕ್ಕೂ ದಪ್ಪನಾದದ್ದನ್ನು ತೊಟ್ಟವಕ್ಕೂ ಗಾಯದ ಅಪಾಯ ಹೆಚ್ಚು ಎಂದು ಕಂಡುಬಂತು. ತೆಳು ಬಿಟ್ ಕೊಯ್ಯುತ್ತದೆಂದು ಎಲ್ಲರಿಗೂ ಗೊತ್ತು. ದಪ್ಪದ್ದರ ವಿಷಯವನ್ನು ನಮ್ಮ ಲಾಯಗಳು ಇನ್ನೂ ಕೇಳಿಸಿಕೊಳ್ಳಬೇಕಿದೆ.

ಬಿಟ್ ಹುಡುಕುವ ಮೊದಲು ಹಲ್ಲು ನೋಡಿಸಬೇಕು. ರೇಸ್ ಕುದುರೆ ಎಷ್ಟೋ ಸಲ ಕಣಕ್ಕಿಳಿಯುವುದು ಎರಡು ವರ್ಷದ ವಯಸ್ಸಿಗೇ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವುದು ಎರಡೂವರೆಯಿಂದ ನಾಲ್ಕೂವರೆಯ ನಡುವೆ. ಬಾಯಿ ಹುಣ್ಣಾಗಿರುವ ಕಾಲದಲ್ಲೇ ಅದು ದಿನಾ ಬೆಳಗ್ಗೆ ಬಿಟ್ ಕಚ್ಚಿ ಓಡಿರುತ್ತದೆ. ಜೊತೆಗೆ ರೇಸಿನ ಕಣದಲ್ಲಿ ಅದು ಬಿಟ್ಟಿನ ಮೇಲೆ ಒರಗಿಕೊಂಡು ಓಡಲು ಕಲಿತಿದೆ, ಬಿಗಿದ ಲಗಾಮೆಂದರೆ ಓಡು ಎಂದೇ ಅದರ ತಿಳಿವಳಿಕೆ. ಅದನ್ನು ಹಟಮಾರಿ ಎಂದು ಬೈಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಮೇಲ್ದವಡೆಯಲ್ಲಿ ಮೊದಲ ದವಡೆಹಲ್ಲಿನ ಮುಂದೆ ವುಲ್ಫ್ ಟೂತ್ ಎಂಬ ಪುಟ್ಟ ಹಲ್ಲು ಕೆಲವಕ್ಕೆ ಇರುತ್ತದೆ. ಬಿಟ್ ಅದಕ್ಕೆ ತಗುಲಿದರೆ ಯಾವ ಬಿಟ್ಟೂ ಒಗ್ಗದು. ದವಡೆಹಲ್ಲುಗಳು ವರ್ಷಕ್ಕೆ ಎರಡು ಮೂರು ಮಿಲಿಮೀಟರ್ ಹೊರಕ್ಕೆ ಬರುತ್ತಲೇ ಇರುತ್ತವೆ, ಸವೆತ ಸಮನಾಗಿರದೆ ಅಂಚುಗಳು ಚೂಪಾಗಿ ಕೆನ್ನೆಯ ಒಳಭಾಗವನ್ನು ಕೊರೆಯುತ್ತವೆ. ವರ್ಷಕ್ಕೊಮ್ಮೆಯಾದರೂ ಪಶುವೈದ್ಯರನ್ನು ಕರೆಸಿ ಅರದಿಂದ ಉಜ್ಜಿಸಬೇಕು.

ಹಲ್ಲು ಸರಿಯಾದ ಮೇಲೂ ಕಿರಿಕಿರಿ ಉಳಿದರೆ ನಾನು ಬಿಟ್ಟನ್ನೇ ತೆಗೆದುಬಿಡುತ್ತೇನೆ. ಬೇಲಿಯಿರುವ ಅಂಗಳದಲ್ಲಿ, ಮೂಗಿನ ಮೇಲೆ ಮಾತ್ರ ಒತ್ತುವ ಬಿಟ್‌ರಹಿತ ಕಡಿವಾಣ ಹಾಕಿ ಕೆಲವು ದಿನ ನಿಧಾನಕ್ಕೆ ಸವಾರಿ. ತಲೆ ಕೊಡವುವುದು ನಿಂತರೆ ತೊಂದರೆ ಬಾಯಿಯದೇ. ನಿಲ್ಲದಿದ್ದರೆ ಜೀನು, ಬೆನ್ನು, ಹಿಂಗಾಲು, ಇಲ್ಲವೇ ಸವಾರನ ಮೊಣಕೈ ಕಡೆ ನೋಡಬೇಕು. ಬೆನ್ನು ನೋಯುವ ಕುದುರೆಯೂ ಬಾಯಲ್ಲೇ ಗೋಳು ಹೇಳಿಕೊಳ್ಳುತ್ತದೆ.

ಈಗ ನಾನು ಹತ್ತುವ ಹೆಣ್ಣು ಥರೋಬ್ರೆಡ್‌ಗೆ ರಬ್ಬರ್ ಬಿಟ್ ಹಾಕಿಯೇ ಕಳಿಸಿದ್ದರು. ಬಾಯಿ ಒಣಗಿದ್ದಾಗ ರಬ್ಬರ್ ತುಟಿಯ ಚರ್ಮವನ್ನು ಹಿಡಿದೆಳೆಯುತ್ತದೆ, ಇವಳ ಬಾಯಿಯೋ ಗಾಬರಿಗೆ ಸದಾ ಒಣಗಿದ್ದು. ನಾಲಿಗೆ ಹಲ್ಲಿನ ಸಾಲಿಗಿಂತ ಎತ್ತರಕ್ಕೆ ಉಬ್ಬಿ ಅಂಗುಳಿಗೆ ತಾಗುತ್ತಿತ್ತು. 14 ಮಿಲಿಮೀಟರಿನ, ನಡುವೆ ಉರುಟಾದ ಚಿಕ್ಕ ತುಂಡಿದ್ದು ಎರಡು ಕಡೆ ಕೀಲಿರುವ ಸ್ನಾಫಲ್ ಹಾಕಿದೆ. ಬಳೆ ಸಡಿಲವಾಗಿ ತಿರುಗುವ ಮಾದರಿಯಲ್ಲ, ಕದಲದೆ ನಿಲ್ಲುವ ಎಗ್‌ಬಟ್. ಬಿಟ್ಟಿನ ಮೇಲೆ ಭಾರ ಹಾಕುವ ಕುದುರೆಗೆ ತಿರುಗುವ ಬಳೆ ಒಳ್ಳೆಯದು. ಬಾಯೊಳಗೆ ಏನು ಅಲ್ಲಾಡಿದರೂ ಬೆದರುವ ಇವಳಂಥವಳಿಗೆ ಅಲುಗದ ಬಿಟ್ಟೇ ನೆಮ್ಮದಿ. ಮೊದಲು ಲಗಾಮಿಲ್ಲದೆ ಲಾಯದಲ್ಲೇ ಹಾಕಿ ಬಿಟ್ಟೆವು. ಕುದುರೆ ನೋಡಿಕೊಳ್ಳುವ ಸೈಸ್ ಪಕ್ಕದಲ್ಲಿ ನಿಂತು ಹುಲ್ಲು ತಿನ್ನಿಸಿದ. ತುಟಿಯಂಚಿನಲ್ಲಿ ತೆಳ್ಳಗೆ ನೊರೆ ಬಂದು ಮೆಲ್ಲಗೆ ಬಾಯಾಡಿಸತೊಡಗಿದ ಮೇಲೆಯೇ ಹತ್ತಿದ್ದು.

ಮೂಗುಪಟ್ಟಿ ಬಿಗಿದು ಬಾಯಿ ಮುಚ್ಚಿಸುವುದು ಉಪಾಯವಲ್ಲ, ರೋಗ ಬಚ್ಚಿಡುವುದು. ಮೂಗಿನ ಮೂಳೆಯ ಮೇಲೆ ಎರಡು ಬೆರಳು ತೂರಬೇಕು. ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟವೇ ತನ್ನ ಸ್ಪರ್ಧೆಗಳಲ್ಲಿ ಇದನ್ನು ಅಳೆಯಲು 2025ರಿಂದ ಒಂದು ಸಾಧನ ಬಳಸುತ್ತಿದೆ. ಇನ್ನು ಮದುವೆ ಮೆರವಣಿಗೆಯ ಕುದುರೆಗಳಿಗೆ, ಅದರಲ್ಲೂ ಉತ್ತರ ಭಾರತದಲ್ಲಿ, ಹಾಕುವುದು ಮುಳ್ಳಿನ ಬಿಟ್. 1965ರ ಕೇಂದ್ರ ನಿಯಮಗಳಲ್ಲೇ ಅದು ನಿಷಿದ್ಧ. ಕಂಡಲ್ಲಿ ದೂರು ಕೊಡಿ; ಇದರಲ್ಲಿ ಸಂಕೋಚ ಬೇಡ.

ಗ್ರೀಕ್ ಲೇಖಕ ಕ್ಸೆನೊಫೋನ್ ಸುಮಾರು 2,400 ವರ್ಷಗಳ ಹಿಂದೆಯೇ ಸವಾರನ ಬಳಿ ನಯವಾದದ್ದೊಂದು, ಒರಟಾದದ್ದೊಂದು ಬಿಟ್ ಇರಲಿ ಎಂದಿದ್ದ. ಒರಟಿನ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಬಾಗದ ಬಿಟ್ಟಿಗಿಂತ ಕೀಲುಗಳಲ್ಲಿ ಬಳುಕುವುದೇ ಲೇಸು, ಕುದುರೆ ಅದನ್ನು ಹಲ್ಲಲ್ಲಿ ಕಚ್ಚಿ ಹಿಡಿಯಲಾರದು ಎಂಬ ಅವನ ಗಮನಿಕೆ ಇಂದಿಗೂ ಸುಳ್ಳಾಗಿಲ್ಲ.

ಕೊಳ್ಳುವಾಗ ಅಂಗಡಿಯವರ ಅಂದಾಜಿಗೆ ಬಿಡಬೇಡಿ. ಒಂದು ನಯವಾದ ಕೋಲನ್ನು ಬಿಟ್ ಕೂರುವ ಜಾಗದಲ್ಲಿ ಅಡ್ಡಲಾಗಿ ಇಟ್ಟು, ತುಟಿಯ ಎರಡೂ ಅಂಚಿಗೆ ಗುರುತು ಹಾಕಿಕೊಳ್ಳಿ. ತಿರುಗುವ ಬಳೆಯದಾದರೆ ಎರಡೂ ಕಡೆ ಐದೈದು ಮಿಲಿಮೀಟರ್ ಹೆಚ್ಚಿಗೆ ಬೇಕು, ಇಲ್ಲದಿದ್ದರೆ ತುಟಿ ಚಿವುಟುತ್ತದೆ. ಎಗ್‌ಬಟ್ ಆದರೆ ಅಷ್ಟು ಬೇಡ. ಥರೋಬ್ರೆಡ್‌ಗಳಿಗೆ ಸಾಮಾನ್ಯವಾಗಿ ಐದು ಇಂಚಿನ ಆಸುಪಾಸು. ಕಾನ್ಪುರದಲ್ಲಿ ತಯಾರಾದದ್ದಿರಲಿ, ಪರದೇಶದ್ದಿರಲಿ, ಕೀಲಿನ ಸಂದುಗಳಲ್ಲಿ ಹೆಬ್ಬೆರಳು ಆಡಿಸಿ ನೋಡಿ. ತಾಮ್ರ ಬೆರೆತ ಲೋಹ ಬೇಗ ಸವೆದು ಅಂಚು ಏಳುವುದರಿಂದ, ಅಂಥ ಬಿಟ್ಟನ್ನು ತಿಂಗಳಿಗೊಮ್ಮೆ ಹೀಗೆ ಪರೀಕ್ಷಿಸುವುದು ಒಳ್ಳೆಯದು.