ಒಣಗಿದ ಮೇಲೆ ಕಾಣುವ ಗೆರೆ

ಮಲೆನಾಡಿನ ಸೊರಬ, ಸಾಗರದ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಮದುವೆಯ ಹಸೆಗೋಡೆಯ ಮೇಲೆ ಚಿತ್ತಾರ ಬರೆಯುವಾಗ ಗೆರೆ ಕೂಡಲೇ ಕಾಣುವುದಿಲ್ಲ. ಕೆಮ್ಮಣ್ಣು ಬಳಿದ ಗೋಡೆ, ಪುಂಡಿ ನಾರಿನ ಕುಂಚ, ನೆನೆಸಿ ಅರೆದ ಅಕ್ಕಿಯ ಬಿಳಿ. ಒದ್ದೆ ಗೆರೆ ಕೆಂಪಿನೊಳಗೆ ಮಂಕಾಗಿ ಕೂತಿರುತ್ತದೆ. ನೀರು ಆರಿದಂತೆ ಬೆಳ್ಳಗೆ ಎದ್ದು ಬರುತ್ತದೆ. ಬರೆಯುವವಳು ಮುಂದಿನ ಎಳೆಗೆ ಹೋಗಿರುವಾಗ ಹಿಂದಿನ ಎಳೆ ಕಾಣತೊಡಗುತ್ತದೆ. ಜನಪದ ಚಿತ್ರಕಲೆಯನ್ನು ಎತ್ತಿಕೊಂಡ ಅನಿಮೇಷನ್ ಕಿರುಚಿತ್ರ ಯಾವುದೇ ಇರಲಿ, ನಾನು ಅದರಲ್ಲಿ ಹುಡುಕುವುದು ಇದನ್ನೇ. ಆ ಜನಪದ ಚಿತ್ರಕ್ಕೆ ಅದರದೇ ಆದ ಚಲನೆಯೊಂದು ಇರುತ್ತದೆ. ನಿರ್ದೇಶಕರು ಅದನ್ನು ಕಂಡುಕೊಂಡರೋ, ಬೇರೆಲ್ಲಿಂದಲೋ ತಂದ ನಡಿಗೆಯನ್ನು ಅದರ ಮೇಲೆ ಹೇರಿದರೋ?

ಹೇರಿದ ಉದಾಹರಣೆ ನಮ್ಮಲ್ಲಿ ಹಳೆಯದು. ಭಾರತದಲ್ಲೇ ಹುಟ್ಟಿ ಡಿಸ್ನಿ ಸ್ಟುಡಿಯೋದಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬೈನ ಫಿಲ್ಮ್ಸ್ ಡಿವಿಷನ್ನಿಗೆ ಬಂದು ಅಲ್ಲಿನ ಕಾರ್ಟೂನ್ ವಿಭಾಗದವರನ್ನು ತರಬೇತುಗೊಳಿಸಿದರು. ಮರುವರ್ಷ ಬಂದ 'ದಿ ಬನ್ಯನ್ ಡೀರ್' ಜಾತಕ ಕಥೆಯ ಚಿತ್ರ, ಅಜಂತಾ ಶೈಲಿಯದು. ಒಂದು ಇಡೀ ಪೀಳಿಗೆಗೆ ಕೈಕೆಲಸ ಕಲಿಸಿದ ಆ ಪ್ರಯತ್ನದ ಬಗ್ಗೆ ನನಗೆ ಗೌರವವಿದೆ. ಆದರೂ ಅಲ್ಲಿ ಬಾಹ್ಯರೇಖೆ ಅಜಂತಾದ್ದು, ಮೈಯ ಒಲೆದಾಟ ಹಾಲಿವುಡ್ಡಿನದು. ಎರಡೂ ಒಂದೇ ಮೈಯಲ್ಲಿ ಹೊಂದಿಕೊಂಡಿಲ್ಲ.

ನೀನಾ ಸಬ್ನಾನಿಯವರ 'ಹಮ್ ಚಿತ್ರ್ ಬನಾತೇ ಹೈಂ' (2016) ಈ ತೊಡಕನ್ನು ಬುಡದಿಂದಲೇ ಬಿಡಿಸಲು ನೋಡಿತು. 64ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರವೆನಿಸಿಕೊಂಡ ಇದು, ಭೀಲರು ಚಿತ್ರ ಬರೆಯಲು ತೊಡಗಿದ್ದು ಹೇಗೆ ಎಂಬ ಅವರದೇ ಮೂಲಕಥೆ. ಮಳೆಗಾಗಿ ಗೋಡೆಯ ಮೇಲೆ ಚಿತ್ರ. ಅವರಿಗೆ ಚಿತ್ರ ಬರೆಯುವುದೆಂದರೆ ಹರಕೆ ಸಲ್ಲಿಸಿದ ಹಾಗೆ. ಮಧ್ಯಪ್ರದೇಶದ ಭೀಲ್ ಕಲಾವಿದ ಶೇರ್ ಸಿಂಗ್ ಇದರಲ್ಲಿ ಸಹಭಾಗಿ. ಐಐಟಿ ಬಾಂಬೆಯಲ್ಲಿ ಪಾಠ ಮಾಡಿದ ನಿರ್ದೇಶಕಿಯೊಬ್ಬರು ಕಲಾವಿದನನ್ನು 'ಆಕರ' ಎಂದು ಬಳಸಿ ಬಿಡದೆ ಜೊತೆಗೆ ಕೂರಿಸಿಕೊಂಡದ್ದರಿಂದ ಚಿತ್ರದ ಸತ್ವ ಹೆಚ್ಚಿದೆ. ಇದಕ್ಕೂ ಮೊದಲು 'ತಾಂಕೋ ಬೋಲೇ ಛೇ'ಯಲ್ಲಿ (2009) ಕಛ್‌ನ ಕಸೂತಿ ಕಲಾವಿದರು ತಮ್ಮ ವಲಸೆಯ ನೆನಪುಗಳನ್ನು ತಾವೇ ಹೇಳಿದ್ದರು. ತೆರೆಯ ಮೇಲೆ ಓಡಾಡಿದ್ದೂ ಬಟ್ಟೆಯ ಮೇಲೆ ಹೊಲಿದ ಆಕೃತಿಗಳೇ. ನನಗೆ ಎರಡರಲ್ಲಿ ಹೆಚ್ಚು ಇಷ್ಟವಾಗುವುದು ಈ ಹಳೆಯದು. ಹೊಲಿಗೆಗೆ ಒಂದು ಗತಿ ಇದೆ, ಚಿತ್ರ ಆ ಗತಿಯಲ್ಲೇ ಸಾಗುತ್ತದೆ. ಭೀಲ್ ಚಿತ್ರದ ಜೀವ ಇರುವುದು ಮೈತುಂಬ ಇಟ್ಟ ಚುಕ್ಕೆಗಳಲ್ಲಿ. ಕಥೆಯನ್ನು ಮುಂದಕ್ಕೆ ಒಯ್ಯಲು ಮನುಷ್ಯರು, ಪ್ರಾಣಿಗಳು ನಡೆದಾಡತೊಡಗಿದಾಗ ಆ ಚುಕ್ಕೆಗಳ ಬಿಗಿ ಸ್ವಲ್ಪ ಸಡಿಲವಾಗುತ್ತದೆ.

ಗೀತಾಂಜಲಿ ರಾವ್ ಅವರ 'ಪ್ರಿಂಟೆಡ್ ರೇನ್‌ಬೋ' (2006) ಕಾನ್ ಉತ್ಸವದ ಕ್ರಿಟಿಕ್ಸ್ ವೀಕ್ ವಿಭಾಗದಲ್ಲಿ ಮೂರು ಪ್ರಶಸ್ತಿ ಪಡೆಯಿತು. ಬೆಂಕಿಪೊಟ್ಟಣದ ಮೇಲಿನ ಅಗ್ಗದ ಮುದ್ರಣವನ್ನೂ ಕಲೆಯೆಂದು ಕಂಡದ್ದು ಅದರ ದೊಡ್ಡತನ. ಬಣ್ಣಗೆಟ್ಟ ನಗರದ ಮುದುಕಿ, ಅವಳ ಬೆಕ್ಕು, ಪೊಟ್ಟಣದೊಳಗಿನ ಬಣ್ಣದ ಲೋಕ. ಅದು ನಿರ್ದೇಶಕಿಯೊಬ್ಬರೇ ಕೂತು ಬರೆದ ಚಿತ್ರ. ಹತ್ತಾರು ಹೆಂಗಸರು ಸೇರಿ ಹಾಡುತ್ತ ಬರೆಯುವ ಗೋಡೆಗೆ ಅದರಿಂದ ಸಿಗುವ ದಾರಿ ಕಡಿಮೆ.

ಆ ದಾರಿ ಕೆನಡಾದ ಫ್ರೆಡರಿಕ್ ಬ್ಯಾಕ್ ಅವರಲ್ಲಿ ಸಿಗುತ್ತದೆ. ಅವರ 'ಕ್ರಾಕ್!' (1981) ಹದಿನೈದು ನಿಮಿಷದ, ಮಾತಿಲ್ಲದ ಚಿತ್ರ. 1982ರಲ್ಲಿ ಆಸ್ಕರ್ ಪಡೆಯಿತು. ಮಲೆನಾಡಿನಲ್ಲಿ ಬೆಳೆದವರಿಗೆ ಅದರ ಕಥೆ ವಿವರಿಸಿ ಹೇಳಬೇಕಾಗಿಲ್ಲ. ಕಾಡಿನ ಮರವೊಂದು ತೂಗುಕುರ್ಚಿಯಾಗುತ್ತದೆ. ಆ ಮನೆಯಲ್ಲಿ ಮದುವೆ, ಮಕ್ಕಳು, ಮುಪ್ಪು. ಊರು ಪೇಟೆಯಾಗುತ್ತದೆ, ಕುರ್ಚಿ ಹೊರಗೆ ಬೀಳುತ್ತದೆ, ವಸ್ತುಸಂಗ್ರಹಾಲಯದ ಕಾವಲುಗಾರನೊಬ್ಬ ಅದನ್ನು ಎತ್ತಿಕೊಂಡು ಹೋಗುತ್ತಾನೆ. ಬ್ಯಾಕ್ ಇದನ್ನು ತರಿತರಿಯಾದ ಪಾರದರ್ಶಕ ಹಾಳೆಯ ಮೇಲೆ ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದರು. ಕ್ವಿಬೆಕ್ಕಿನ ಹಳ್ಳಿಯ ಕುಣಿತ ಶುರುವಾದಾಗ ಪೆನ್ಸಿಲ್ ಗೀರುಗಳೂ ಕುಣಿಯುತ್ತವೆ; ಆಕೃತಿಗಳ ಅಂಚು ಒಂದು ಕ್ಷಣವೂ ನಿಲ್ಲುವುದಿಲ್ಲ. ಚಲನೆ ಕೈಕಾಲುಗಳಲ್ಲಿ ಮಾತ್ರವಲ್ಲ, ಬರವಣಿಗೆಯಲ್ಲೇ ಇದೆ. ಯುರೋಪಿನಲ್ಲಿ ಹುಟ್ಟಿ 1948ರಲ್ಲಿ ಕೆನಡಾಕ್ಕೆ ಬಂದ ಈ ಮನುಷ್ಯ ತನ್ನದಲ್ಲದ ನೆಲದ ಜನಪದವನ್ನು ಇಷ್ಟು ಹತ್ತಿರದಿಂದ ಕಂಡರು. ಹೊರಗಿನವರು ಮುಟ್ಟಬಾರದು ಎನ್ನುವ ವಾದವನ್ನು ನಾನು ಒಪ್ಪದಿರುವುದು ಇದರಿಂದಲೇ.

ಮತ್ತೆ ಚಿತ್ತಾರದ ಸೀಮೆಗೆ ಬಂದರೆ, ಶಿಕಾರಿಪುರ, ಸೊರಬದ ನೆಲಕ್ಕೆ ಚಿತ್ರದಲ್ಲಿ ಕಥೆ ಹೇಳುವುದು ಹೊಸತಲ್ಲ. ಶಾಸನತಜ್ಞ ಬಿ.ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳು, ಎಂಟನೆಯ ಸಂಪುಟಗಳಲ್ಲಿ ಸೇರಿಸಿದ ಈ ಎರಡು ತಾಲ್ಲೂಕುಗಳ ಶಾಸನಗಳಲ್ಲಿ ವೀರಗಲ್ಲುಗಳದೇ ದೊಡ್ಡ ಪಾಲು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಒಂದು ವೀರಗಲ್ಲಿನ ಮುಂದೆ ನಿಂತು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ಕೆಲವೊಮ್ಮೆ ತುರುಗಳ ಹಿಂಡು. ನಡುವೆ ಸತ್ತ ವೀರನನ್ನು ಎರಡೂ ಕಡೆ ಹಿಡಿದು ಒಯ್ಯುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಅವನು, ಅಂಚಿನಲ್ಲಿ ಸೂರ್ಯಚಂದ್ರರು. ಅವನು ಪ್ರಾಣ ಬಿಟ್ಟ ಗಳಿಗೆಯನ್ನು ಶಿಲ್ಪಿ ಕೆತ್ತಿಲ್ಲ. ಅದು ಒಂದು ಪಟ್ಟಿಕೆಯಿಂದ ಇನ್ನೊಂದಕ್ಕೆ ಕಣ್ಣು ದಾಟುವಾಗ ಆಗಿಹೋಗುತ್ತದೆ. ಎಲ್ಲವನ್ನೂ ತೋರಿಸಿಯೇ ತೀರುವ ಇಂದಿನ ಅನೇಕ ಕಿರುಚಿತ್ರಗಳಿಗಿಂತ ಆ ಶಿಲ್ಪಿ ನೋಡುಗನನ್ನು ಹೆಚ್ಚು ನಂಬಿದ್ದ.

ಚಿತ್ತಾರವನ್ನು ಹಿಡಿದು ಅನಿಮೇಷನ್ ಮಾಡುವವರು ನಡುವಿನ ಚೌಕದಲ್ಲಿರುವ ವಧೂವರರನ್ನು ನಡೆಸಹೋಗಬಾರದು ಎಂದು ನನ್ನ ಗಟ್ಟಿ ಅಭಿಪ್ರಾಯ. ಅವರು ನಿಂತಿರುವವರು. ಓಡುವುದು ಅವರ ಸುತ್ತಲಿನ ಎಳೆಗಳು: ದಪ್ಪ ಎಳೆಯ ಪಕ್ಕ ಸಣ್ಣದು, ಅಡ್ಡಕ್ಕೆ ಉದ್ದ, ಕೆಂಪಿನ ಮೇಲೆ ಬಿಳಿ, ಬಿಳಿಯ ನಡುವೆ ಹುರಿದು ಕರಿಮಾಡಿದ ಅಕ್ಕಿಯ ಕಪ್ಪು. ಭೂಮಿ ಹುಣ್ಣಿಮೆಯ ಭೂಮಣ್ಣಿ ಬುಟ್ಟಿಯನ್ನು ನೋಡಿ. ಗೋಡೆಯ ಚಿತ್ತಾರ ಅಲ್ಲಿ ಬುಟ್ಟಿಯ ಸುತ್ತ ಬಳಸಿಕೊಂಡು ಬರುತ್ತದೆ. ಬುಟ್ಟಿಯನ್ನು ಕೈಯಲ್ಲಿ ತಿರುಗಿಸಿದರೆ 1834ರಲ್ಲಿ ವಿಲಿಯಂ ಹಾರ್ನರ್ ರೂಪಿಸಿದ, ತಿರುಗಿಸಿದರೆ ಚಿತ್ರಗಳು ಚಲಿಸಿದಂತೆ ಕಾಣುವ ಝೋಟ್ರೋಪಿನಂತೆ ಎಳೆಗಳು ಓಡತೊಡಗುತ್ತವೆ. ಆ ಬುಟ್ಟಿ ತಲೆಯ ಮೇಲೆ ಕೂತು ಗದ್ದೆಗೆ ಹೋಗುತ್ತದೆ, ಬಸುರಿ ಭೂಮಿಗೆ ಬಯಕೆಯ ಊಟ ಒಯ್ಯುತ್ತದೆ. ಹತ್ತು ನಿಮಿಷದ ಕಥೆಗೆ ಅಷ್ಟು ಸಾಕು.

ಹತ್ತು ನಿಮಿಷವೆಂದರೆ, ಸೆಕೆಂಡಿಗೆ 24 ಫ್ರೇಮಿನಂತೆ, 14,400 ಫ್ರೇಮುಗಳು. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮು ನಿಲ್ಲಿಸಿದರೂ 7,200 ಚಿತ್ರಗಳು. ಕಂಪ್ಯೂಟರು ಈ ಹೊರೆಯನ್ನು ಇಳಿಸುತ್ತದೆ, ಇಳಿಸಲಿ. ಆದರೆ ಅದು ಎಳೆಯುವ ಗೆರೆ ಎಳೆದ ಗಳಿಗೆಯಲ್ಲೇ ಪೂರಾ ಬೆಳ್ಳಗೆ. ಅಕ್ಕಿಹಿಟ್ಟು ಆರುವ ಹೊತ್ತನ್ನು ಕಾಯುವ ತಾಳ್ಮೆಯನ್ನು ನಿರ್ದೇಶಕರೇ ಅದರೊಳಗೆ ತುಂಬಬೇಕು.

ಕರ್ನಾಟಕ 2012ರಲ್ಲೇ ಅನಿಮೇಷನ್ನಿಗೆಂದು ನೀತಿ ಪ್ರಕಟಿಸಿದ ರಾಜ್ಯ. ಆ ಉತ್ಸಾಹ ಬೆಂಗಳೂರಿನ ಉದ್ಯಮಕ್ಕೆ ತಲುಪಿದಷ್ಟು ಮಲೆನಾಡಿನ ಗೋಡೆಗೆ ತಲುಪಲಿಲ್ಲ. ಕನ್ನಡದ ಮನೆಮನೆಯ ಗೋವಿನ ಹಾಡು ವಿ. ರವಿಶಂಕರ್ ನಿರ್ದೇಶನದಲ್ಲಿ 'ಪುಣ್ಯಕೋಟಿ' (2020) ಎಂಬ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರವಾಯಿತು. ಜನರಿಂದ ಹಣ ಕೂಡಿಸಿ ಮಾಡಿದ ಆ ಸಾಹಸ ದೊಡ್ಡದು, ಆದರೆ ಹಸು ಮಾತಾಡಿದ್ದು ಸಂಸ್ಕೃತದಲ್ಲಿ. ನನಗೆ ಅದು ಈಗಲೂ ನೋವು. ಹಸೆಗೋಡೆಯ ಚಿತ್ರವೊಂದು ಬರುವುದಾದರೆ ಅದರ ಹಾಡು ದೀವರ ಹೆಂಗಸರ ಕನ್ನಡದಲ್ಲೇ ಇರಲಿ, ತಿದ್ದದೆ.

ಹಣದ ಮಾತೂ ಇದೆ. ಕಿರುಚಿತ್ರದ ಪ್ರಶಸ್ತಿಫಲಕದ ಮೇಲೆ ಸಾಮಾನ್ಯವಾಗಿ ನಿರ್ದೇಶಕರದೂ ನಿರ್ಮಾಪಕರದೂ ಹೆಸರಿರುತ್ತದೆ. ಚಿತ್ತಾರ ಬರೆದವಳಿಗೆ ಕೊನೆಯ ಕೃತಜ್ಞತೆಯ ಪಟ್ಟಿಯಲ್ಲಿ ಒಂದು ಸಾಲು ಕೊಟ್ಟು ಮುಗಿಸುವುದು ಅನ್ಯಾಯ. ಶೀರ್ಷಿಕೆಯಲ್ಲಿ ನಿರ್ದೇಶಕರ ಜೊತೆಗೇ ಅವಳ ಹೆಸರು, ವಿನ್ಯಾಸದ ಮೇಲೆ ಹಕ್ಕು, ಚಿತ್ರ ಮಾರಾಟವಾದಾಗ ಪಾಲು. ಮೊದಲ ಫ್ರೇಮ್ ಬರೆಯುವ ಮುಂಚೆಯೇ ಇವು ಕನ್ನಡದಲ್ಲಿ ಬರೆದ ಕರಾರಿನಲ್ಲಿ ಇರಬೇಕು, ಅವಳಿಗೆ ಓದಿ ಹೇಳಿ ಒಪ್ಪಿಗೆ ಪಡೆದಿರಬೇಕು.