ಕಪ್ ನಮ್ದೇ ಆಯ್ತು, ಇನ್ನೆಂತ?

ಪುಸ್ತಕಕ್ಕೆ ವಿಮರ್ಶೆ ಉಂಟು, ನಾಟಕಕ್ಕೆ ಉಂಟು. ಯಕ್ಷಗಾನ ಮುಗಿದು ಮನೆಗೆ ಹೋಗುವ ದಾರಿಯಲ್ಲೇ ಭಾಗವತರ ಪದದ ಬಗ್ಗೆ, ವೇಷದ ಬಗ್ಗೆ ನಮ್ಮ ಊರಿನವರು ವಿಮರ್ಶೆ ಮಾಡುತ್ತಾರೆ. ಆದರೆ ನಮ್ಮ ಪ್ರಾಯದ ಕಾಲೇಜು ಮಕ್ಕಳು ಇಷ್ಟೊಂದು ಹೊತ್ತು ಕಳೆಯುವ ಮೊಬೈಲ್ ಆಟಕ್ಕೂ ಕ್ರಿಕೆಟ್ ಅಭಿಮಾನಕ್ಕೂ ವಿಮರ್ಶೆ ಎಂಬುದೇ ಇಲ್ಲ. ಹಿರಿಯರು "ಮೊಬೈಲಿನಿಂದ ಮಕ್ಕಳು ಹಾಳಾದರು" ಅಂತ ಒಂದು ಮಾತಿನಲ್ಲಿ ಮುಗಿಸುತ್ತಾರೆ. ನಾವು "ನಿಮಗೆ ಅದು ಗೊತ್ತಾಗುದಿಲ್ಲ" ಅಂತ ಇನ್ನೊಂದು ಮಾತಿನಲ್ಲಿ ಮುಗಿಸುತ್ತೇವೆ. ಒಂದು ಕಥೆಯನ್ನೋ ನಾಟಕವನ್ನೋ ತೂಗುವ ಹಾಗೆ ಇವುಗಳನ್ನೂ ತೂಗಿ ನೋಡುವ. ಅದು ನಮಗೆ ಕೊಡುವುದು ಎಂತದು, ನಮ್ಮಿಂದ ತೆಗೆದುಕೊಳ್ಳುವುದು ಎಂತದು?

ಮೊದಲು ಆಟ. ಪಬ್‌ಜಿ ಮೊಬೈಲನ್ನು ಕೇಂದ್ರ ಸರಕಾರ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿತು. ಮರುವರ್ಷ ಅಂಥದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು. 2022ರ ಜುಲೈಯಲ್ಲಿ ಅದಕ್ಕೂ ತಡೆ ಬಿತ್ತು, 2023ರ ಮೇಯಲ್ಲಿ ಪುನಃ ಬಂತು. 100 ಮಂದಿ ವಿಮಾನದಿಂದ ಒಂದು ದ್ವೀಪಕ್ಕೆ ಹಾರುತ್ತಾರೆ, ಸುತ್ತಲಿನ ವೃತ್ತ ಕಿರಿದಾಗುತ್ತಾ ಬರುತ್ತದೆ, ಕೊನೆಗೆ ಉಳಿದವರು ಗೆದ್ದ ಹಾಗೆ. ಕೇಳುವಾಗ ಬರೀ ಕೊಲ್ಲುವ ಆಟ. ಆದರೆ ನಾಲ್ಕು ಜನ ತಂಡವಾಗಿ ಆಡುವಾಗ ಬಿದ್ದ ಗೆಳೆಯನನ್ನು ಎಬ್ಬಿಸಲಿಕ್ಕೆ ಇನ್ನೊಬ್ಬ ಗುಂಡಿಗೆ ಮೈ ಒಡ್ಡಿ ಹೋಗಬೇಕು, ಮದ್ದು ಹಂಚಿಕೊಳ್ಳಬೇಕು, ಯಾರು ಎಲ್ಲಿದ್ದಾರೆ ಅಂತ ಹೇಳುತ್ತಾ ಇರಬೇಕು. ಇದು ಆಟದ ಗುಣ, ಇದನ್ನು ಹಿರಿಯರು ಒಪ್ಪಬೇಕು. ದೋಷ ಇರುವುದು ಬೇರೆ ಕಡೆ. ಕಬಡ್ಡಿಗೆ ಕೊನೆಯ ಸೀಟಿ ಉಂಟು, ಯಕ್ಷಗಾನಕ್ಕೆ ಮಂಗಳ ಉಂಟು. ಈ ಆಟಕ್ಕೆ ಮುಗಿತಾಯವೇ ಇಲ್ಲ. ಒಂದು ಸೀಸನ್ ಮುಗಿದ ಕೂಡಲೇ ಕಷ್ಟಪಟ್ಟು ಪಡೆದ ರ‍್ಯಾಂಕು ಕೆಳಗೆ ಇಳಿಯುತ್ತದೆ, ಪುನಃ ಹತ್ತಬೇಕು. ಆಟ ಉಚಿತ, ಆದರೆ ಬಂದೂಕಿನ ಬಣ್ಣ, ಹಾಕುವ ಅಂಗಿ ಎಲ್ಲ ಮಾರಾಟಕ್ಕೆ. ದುಡ್ಡು ಕೊಡದವನಿಂದ ಹೊತ್ತು ಹೋಗುತ್ತದೆ.

ಎರಡನೆಯದು ಹಣ ಹಾಕಿ ತಂಡ ಕಟ್ಟುವ ಆಟ. ಡ್ರೀಮ್ ಇಲೆವೆನ್‌ನಂಥ ಆ್ಯಪುಗಳಲ್ಲಿ ಎರಡೂ ತಂಡಗಳಿಂದ ಆರಿಸಿ 11 ಜನರ ಪಟ್ಟಿ ಮಾಡಬೇಕು, ಅವರ ರನ್ನು ವಿಕೆಟುಗಳಿಗೆ ಅಂಕ. ಇದರಲ್ಲಿ ಹಣ ಹೋಗುತ್ತದೆ ಎಂಬುದನ್ನು ಎಲ್ಲರೂ ಹೇಳುತ್ತಾರೆ. ನನ್ನ ಆಕ್ಷೇಪ ಇನ್ನೊಂದು. ಆರ್‌ಸಿಬಿಯ ಕಟ್ಟಾ ಅಭಿಮಾನಿಯೇ ಎದುರು ತಂಡದ ಬೌಲರನ್ನು ಪಟ್ಟಿಗೆ ಹಾಕಿರುತ್ತಾನೆ. ಕೊಹ್ಲಿ ಔಟಾದಾಗ ಬಾಯಿ "ಅಯ್ಯೋ" ಅನ್ನುತ್ತದೆ, ಮನಸ್ಸು ಅಂಕ ಲೆಕ್ಕ ಹಾಕುತ್ತದೆ. ಆಟ ನೋಡುವ ಸಂತೋಷವನ್ನೇ ಇದು ತಿಂದುಹಾಕಿತು. 2025ರ ಆಗಸ್ಟಿನಲ್ಲಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು ಒಪ್ಪಿತು, ಡ್ರೀಮ್ ಇಲೆವೆನ್ ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು. ಒಳ್ಳೆಯದಾಯಿತು.

ಇನ್ನು ಆರ್‌ಸಿಬಿ. ಇಲ್ಲಿ ಸ್ವಲ್ಪ ಜಾಗ್ರತೆಯಿಂದ ಮಾತಾಡಬೇಕು. ಕಾಸರಗೋಡಿನ ಕನ್ನಡದ ಹುಡುಗರಿಗೆ ಅದು ಬರೀ ಒಂದು ತಂಡವಾಗಿ ಕಾಣುವುದಿಲ್ಲ. 1956ರ ನವೆಂಬರ್ 1ಕ್ಕೆ ನಮ್ಮ ನೆಲ ಕೇರಳಕ್ಕೆ ಸೇರಿತು. ರೇಶನ್ ಕಾರ್ಡು ಕೇರಳದ್ದು, ಕಲಿತ ಶಾಲೆ ಕನ್ನಡದ್ದು, ಮನೆಯಲ್ಲಿ ತುಳುವೋ ಕೊಂಕಣಿಯೋ ಕನ್ನಡವೋ. ಕಾಲೇಜಿನಲ್ಲಿ ಮಲಯಾಳದ ಗೆಳೆಯರ ನಡುವೆ "ನಾವು ಕನ್ನಡದವರು" ಅಂತ ತೋರಿಸಲಿಕ್ಕೆ ಆ ಕೆಂಪು ಅಂಗಿ ಒಂದು ಸುಲಭದ ದಾರಿ. "ಈ ಸಲ ಕಪ್ ನಮ್ದೇ" ಎಂಬ ಒಂದು ಕನ್ನಡ ವಾಕ್ಯ ಆ ಗೆಳೆಯರಿಗೂ ಬರುತ್ತದೆ. ಕಪ್ ಬಾರದ 17 ಸೀಸನ್ ತಂಡದ ಜೊತೆ ನಿಂತದ್ದು ಸಣ್ಣ ಸಂಗತಿಯೂ ಅಲ್ಲ. ಗೆದ್ದವರ ಹಿಂದೆ ಹೋಗಲಿಕ್ಕೆ ಯಾರಿಗೂ ಆಗುತ್ತದೆ.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಎಂತ ಉಂಟು? ತಂಡದ ಹೆಸರು ಹುಟ್ಟಿದ್ದು ಒಂದು ವಿಸ್ಕಿಯ ಹೆಸರಿನಿಂದ. ಹೆಸರಿನಲ್ಲಿ "ಬ್ಯಾಂಗಲೋರ್" ಹೋಗಿ "ಬೆಂಗಳೂರು" ಬರಲಿಕ್ಕೆ 2024 ಆಗಬೇಕಾಯಿತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿ ಕಪ್ ಗೆದ್ದರಲ್ಲ, ಆ ದಿನ ಆಡಿದ ತಂಡದಲ್ಲಿ ಕರ್ನಾಟಕದ ಆಟಗಾರ ಮಯಾಂಕ್ ಅಗರ್‌ವಾಲ್ ಒಬ್ಬರೇ. ಮರುದಿನ ಚಿನ್ನಸ್ವಾಮಿ ಸ್ಟೇಡಿಯಮಿನ ಹೊರಗೆ ನೂಕುನುಗ್ಗಲಿನಲ್ಲಿ 11 ಜೀವ ಹೋಯಿತು. ಅವರೂ ನಮ್ಮ ಹಾಗೆ "ಕಪ್ ನಮ್ದೇ" ಅಂದವರು.

ನಮ್ಮ ಅಭಿಮಾನಕ್ಕೆ ನಿಜವಾದ ಪರೀಕ್ಷೆ ಬಂದದ್ದು ಅದಕ್ಕಿಂತ ಮೂರು ತಿಂಗಳ ಹಿಂದೆ, ಅದೇ ಅಹಮದಾಬಾದಿನಲ್ಲಿ. ರಣಜಿ ಸೆಮಿಫೈನಲಿನಲ್ಲಿ ಗುಜರಾತಿನ ಎದುರು ಕೇರಳಕ್ಕೆ ಆಡಿ 177 ರನ್ ಹೊಡೆದು ಔಟಾಗದೆ ನಿಂತವರು ಮೊಹಮ್ಮದ್ ಅಜರುದ್ದೀನ್, ನಮ್ಮ ಕಾಸರಗೋಡು ಪೇಟೆಯ ತಳಂಗರೆಯವರು. ಕೇರಳ 457, ಗುಜರಾತ್ 455. ಗುಜರಾತಿನ ಕೊನೆಯ ವಿಕೆಟ್ ಬಿದ್ದದ್ದು ಹತ್ತಿರ ನಿಂತಿದ್ದ ಸಲ್ಮಾನ್ ನಿಜಾರರ ಹೆಲ್ಮೆಟಿಗೆ ಬಡಿದ ಚೆಂಡು ಸ್ಲಿಪ್ಪಿನಲ್ಲಿದ್ದ ಸಚಿನ್ ಬೇಬಿಯ ಕೈಗೆ ಸೇರಿ. ಆ ಎರಡು ರನ್ನಿನ ಮುನ್ನಡೆಯಿಂದ ಕೇರಳ ಮೊದಲ ಸಲ ರಣಜಿ ಫೈನಲಿಗೆ ಹೋಯಿತು. ಇದೇ ಅಜರುದ್ದೀನ್ 2021ರ ಜನವರಿಯಲ್ಲಿ ಮುಂಬೈ ಎದುರು 54 ಎಸೆತದಲ್ಲಿ 137 ಹೊಡೆದವರು. ಆಗ ಅವರನ್ನು 20 ಲಕ್ಷಕ್ಕೆ ತೆಗೆದುಕೊಂಡದ್ದು ಯಾರು? ಆರ್‌ಸಿಬಿಯೇ. ಒಂದು ಪಂದ್ಯವನ್ನೂ ಆಡಿಸಲಿಲ್ಲ. ಈಗ ಕೇಳುತ್ತೇನೆ, ಜೂನಿನಲ್ಲಿ ಪಟಾಕಿ ಹೊಡೆದ ನಮ್ಮಲ್ಲಿ ಫೆಬ್ರವರಿಯ ಆ 177ಕ್ಕೆ ಚಪ್ಪಾಳೆ ತಟ್ಟಿದವರು ಎಷ್ಟು ಜನ?

"ಅದು ಕೇರಳ ತಂಡ, ನಾವು ಕನ್ನಡದವರು" ಅಂತ ಹೇಳಬಹುದು. ಆದರೆ ಆಟಗಾರರು ಈ ಗಡಿಯನ್ನು ಎಂದೋ ದಾಟಿದ್ದಾರೆ. ಕೇರಳದ ಎಡಪ್ಪಾಳಿನಲ್ಲಿ ಹುಟ್ಟಿದ ದೇವದತ್ತ ಪಡಿಕ್ಕಲ್ ಕರ್ನಾಟಕಕ್ಕೆ ಆಡುತ್ತಾರೆ. ಮಲಯಾಳಿ ಮನೆತನದ ಕರುಣ್ ನಾಯರ್ ಕರ್ನಾಟಕದಲ್ಲಿ ಬೆಳೆದು, ವಿದರ್ಭಕ್ಕೆ ಹೋಗಿ, ಆ ರಣಜಿ ಫೈನಲಿನಲ್ಲಿ ಕೇರಳದ ಎದುರೇ 86 ಮತ್ತು 135 ಹೊಡೆದರು. ಕಪ್ ವಿದರ್ಭಕ್ಕೆ ಹೋಯಿತು. ತಳಂಗರೆಯವರಿಗೆ ಚಪ್ಪಾಳೆ ತಟ್ಟಿದರೆ ನಮ್ಮ ಕನ್ನಡ ಕಡಿಮೆ ಆಗುವುದಿಲ್ಲ. ಪಕ್ಕದ ಊರಿನವನ ಗೆಲುವು ಕಾಣದಷ್ಟು ದೂರದ ಅಭಿಮಾನ ಇದ್ದರೆ ಮಾತ್ರ ಅದರಲ್ಲಿ ಏನೋ ಕೊರತೆ ಉಂಟು.

ಆ ಕೊರತೆ ಮೊಬೈಲಿನಲ್ಲೇ ಕಾಣುತ್ತದೆ. "ಈ ಸಲ ಕಪ್ ನಮ್ದೇ" ಅಂತ ವಾಟ್ಸಾಪಿನಲ್ಲಿ ನಾವು ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ! ಕನ್ನಡವನ್ನು 26 ಕೀಲಿಗಳಲ್ಲಿ ಉಚ್ಚಾರಕ್ಕೆ ಸರಿಯಾಗಿ ಒತ್ತುವ ಕ್ರಮವನ್ನು ಮಾಡಿಕೊಟ್ಟವರು ಕೆ. ಪಿ. ರಾವ್, ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ಇಲ್ಲಿಂದ ಒಂದು ಬಸ್ಸಿನ ದಾರಿ. ಈಗ ಎಲ್ಲ ಫೋನಿನಲ್ಲೂ ಕನ್ನಡ ಉಂಟು, ಖರ್ಚು ಇಲ್ಲ. ಆದರೂ ಒತ್ತಕ್ಷರ ಬಂದಾಗ ಬೆರಳು ನಿಲ್ಲುತ್ತದೆ. ಕನ್ನಡದ ಹೆಸರಿನಲ್ಲಿ ಕೂಗುವ ನಾವು ಕನ್ನಡ ಬರೆಯಲಿಕ್ಕೆ ಹಿಂಜರಿದರೆ, ನಮಗೆ ಬೇಕಾದದ್ದು ಕನ್ನಡವೋ ಕೂಗೋ ಎಂಬ ಪ್ರಶ್ನೆ ಬರುತ್ತದೆ.

ಆಟ ಬಿಡಿ, ಮೊಬೈಲ್ ಇಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೆ ಯಾರೂ ಕೇಳುವುದೂ ಇಲ್ಲ. ಮಾಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದೇ ಕೋರಿಕೆ. ನಮ್ಮ ವಾಚನಾಲಯದಲ್ಲಿ ಒಂದು ನೋಟು ಪುಸ್ತಕ ಇಡಿ. ಪಂದ್ಯ ನೋಡಿದ ಹುಡುಗರು ಹುಡುಗಿಯರು ಮರುದಿನ ಅದರ ಬಗ್ಗೆ ಅರ್ಧ ಪುಟ ಕನ್ನಡದಲ್ಲಿ ಬರೆಯಲಿ: ಯಾರು ಹೇಗೆ ಆಡಿದರು, ಕ್ಯಾಪ್ಟನ್ ಎಲ್ಲಿ ಎಡವಿದ, ಯಾವ ಓವರಿನಲ್ಲಿ ಆಟ ತಿರುಗಿತು. ಆರ್‌ಸಿಬಿಯದ್ದೂ ಆಗಬಹುದು, ಕೇರಳದ್ದೂ ಆಗಬಹುದು, ನಮ್ಮ ಗದ್ದೆಯ ಕಬಡ್ಡಿಯದ್ದೂ ಆಗಬಹುದು. ತಪ್ಪಿದ ಒತ್ತಕ್ಷರವನ್ನು ನೀವು ತಿದ್ದಿಕೊಡಿ. ಕ್ಯಾಪ್ಟನ್ ಮಾಡಿದ ತಪ್ಪನ್ನು ತೋರಿಸಿಕೊಡುವ ಕೆಲಸ ನಮಗಿರಲಿ.